ನೀರು ಒಡೆಯೋದು, ಒಡೆಸೋದು

ಮೊದಲೇ ಹೇಳಿಬಿಡ್ತೀನಿ, ಇದು ಹೆರಿಗೆ ಬಗ್ಗೆ ಬರೆದಿದ್ದು. ಮಳೆ, ಊರು, ಹಲಸಿನ ಹಪ್ಪಳ ಅಂತ ಏನಾದ್ರೂ ಇರುತ್ತೆ ಅಂದ್ಕೊಂಡು ಬಂದ ಗಂಡಸ್ರು ಬೇಕಾದ್ರೆ ಇಲ್ಲಿಂದಲೇ ವಾಪಸ್ ಹೋಗಬಹುದು. ಹೋಗದೇ ಇದ್ರೆ ಒಳ್ಳೇದು. ಯಾಕಂದ್ರೆ ಹೆಂಡತಿ ಒಳಗಿದ್ದಾಗ ಹೊರಗೆ ಕಾರಿಡಾರಲ್ಲಿ ಫಾರ್ಮಿಗೆ ಸಹಿ ಹಾಕೋರು ನೀವೇ ತಾನೆ!

ನಮ್ಮ ಕಡೆ "ನೀರು ಹೋಯ್ತು" ಅಂತಾರೆ. ಬೆಂಗಳೂರಲ್ಲಿ "ನೀರು ಒಡೀತು" ಅನ್ನೋದನ್ನೇ ಜಾಸ್ತಿ ಕೇಳಿದೀನಿ. ಬಸುರಿ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರೋ ನೀರಿನ ಚೀಲ ಹರಿದು ನೀರು ಹೊರಗೆ ಬರೋದು. ಸಿನಿಮಾದಲ್ಲಿ ನೋಡಿದ್ರೆ ಎಲ್ಲರಿಗೂ ಮೊದಲು ನೀರು, ಆಮೇಲೆ ನೋವು. ನಿಜ ಜೀವನದಲ್ಲಿ ಹಾಗಾಗೋದು ಕಮ್ಮಿ. ತಿಂಗಳು ತುಂಬಿದ ಬಸುರಿಯರಲ್ಲಿ ನೂರಕ್ಕೆ ಎಂಟು ಹತ್ತು ಜನಕ್ಕೆ ಮಾತ್ರ ನೋವಿಗಿಂತ ಮೊದಲು ನೀರು ಹೋಗುತ್ತೆ. ಉಳಿದವರಿಗೆ ನೋವು ಶುರುವಾದ ಮೇಲೆ ಯಾವಾಗಲೋ, ಎಷ್ಟೋ ಸಲ ಮಗು ಇನ್ನೇನು ಬರಬೇಕು ಅನ್ನೋ ಹೊತ್ತಿಗೆ. ಅದು ಒಡೆಯೋದು. ಒಡೆಸೋದು ಬೇರೆ. ನೋವು ಚೆನ್ನಾಗೇ ಬರ್ತಿರುವಾಗ ಡಾಕ್ಟರೋ ಸಿಸ್ಟರೋ ಬಂದು ಒಂದು ಕೊಕ್ಕೆ ಹಾಕಿ ಚೀಲ ಹರಿಯೋದು. ಒಂದು 'ಯೋ' ಹೋಗಿ 'ಸೋ' ಬಂತು, ಅಷ್ಟೇ. ಆ ಒಂದಕ್ಷರದ ಬಗ್ಗೆ ಇಷ್ಟುದ್ದ ಬರೀತಿದೀನಿ, ಕ್ಷಮೆ ಇರಲಿ.

ನನ್ನ ಮಗಳು ಹುಟ್ಟಿದಾಗಿನ ಡಿಸ್ಚಾರ್ಜ್ ಕಾಗದದಲ್ಲಿ ಒಂದು ಸಾಲಿದೆ. "ಎ.ಆರ್.ಎಂ. ಡನ್, ಲಿಕ್ಕರ್ ಕ್ಲಿಯರ್." ನಮ್ಮ ಯಜಮಾನ್ರು ಅದನ್ನ ಓದಿ, "ಹೆರಿಗೆ ವಾರ್ಡಲ್ಲಿ ಲಿಕ್ಕರ್ ಯಾರಿಗೆ ಕೊಟ್ರೇ?" ಅಂತ ಕೇಳಿದ್ರು. ಡಾಕ್ಟರ್ ಭಾಷೆಯಲ್ಲಿ ಮಗುವಿನ ಸುತ್ತಲ ನೀರಿಗೆ ಆ ಹೆಸರು. ಎ.ಆರ್.ಎಂ. ಅಂದ್ರೆ ಕೃತಕವಾಗಿ ಚೀಲ ಒಡೆಸಿದ್ದು ಅನ್ನೋದರ ಗಿಡ್ಡ ರೂಪ. ನಾನದನ್ನ ತೋಳಿಗೆ ಏನೋ ಇಂಜೆಕ್ಷನ್ ಕೊಟ್ಟಿದ್ದು ಅಂತಲೇ ಬಹಳ ದಿನ ತಿಳ್ಕೊಂಡಿದ್ದೆ. ಅಂದ್ರೆ ನೋಡಿ, ನನ್ನ ಮೈಯಲ್ಲೇ ನಡೆದ ಕೆಲಸದ ಹೆಸರೂ ನನಗೆ ಯಾರೂ ಹೇಳಿರಲಿಲ್ಲ.

ಅದು ಬೆಂಗಳೂರಿನ ಒಂದು ನರ್ಸಿಂಗ್ ಹೋಮು, ಹೆಸರು ಬೇಡ. ರಾತ್ರಿ ಹನ್ನೊಂದಕ್ಕೆ ನೋವು ಶುರುವಾಗಿ ಬೆಳಗಿನ ಜಾವ ಹೋಗಿ ಸೇರಿದ್ದೆ. ಅಮ್ಮನ್ನ ಬಾಗಿಲ ಹೊರಗೇ ನಿಲ್ಲಿಸಿದ್ರು. ಒಳಗೆ ಪರದೆ ಎಳೆದ ಮೂರು ಮಂಚ, ಮೂರರ ಮೇಲೂ ನಮ್ಮಂಥೋರೇ. ಏಳು ಗಂಟೆ ಹೊತ್ತಿಗೆ ನನಗೆ ನಾಲ್ಕು ಸೆಂಟಿಮೀಟರ್ ಆಗಿದೆ ಅಂದ್ರು. ನೋವು ಬರ್ತಿತ್ತು, ಹೋಗ್ತಿತ್ತು. ಬಂದಾಗ ಮಂಚದ ಕಂಬಿ ಹಿಡ್ಕೊಂಡು ನಿಲ್ಲೋದು, ಹೋದಾಗ ಗೋಡೆ ಮೇಲಿದ್ದ ಮಗುವಿನ ಕ್ಯಾಲೆಂಡರ್ ನೋಡೋದು. ಸಹಿಸ್ಕೋಬಹುದು ಅನ್ನೋ ಧೈರ್ಯ ಬಂದಿತ್ತು ನಿಜವಾಗ್ಲೂ.

ಎಂಟಕ್ಕೆ ಡ್ಯೂಟಿ ಬದಲಾಯ್ತು. ಹೊಸ ಡಾಕ್ಟರ್ ರೌಂಡ್ಸಿಗೆ ಬಂದ್ರು. ಮೊದಲನೇ ಪರದೆ ಒಳಗೆ ಹೋದ್ರು, ಬಂದ್ರು. ಎರಡನೇದು ನಾನು. "ಸ್ವಲ್ಪ ನೀರು ಬರತ್ತಮ್ಮ, ಗಾಬರಿ ಆಗ್ಬೇಡಿ" ಅಂದ್ರು. ಅಷ್ಟು ಹೇಳೋಷ್ಟರಲ್ಲಿ ಬಿಸಿ ನೀರು ಕಾಲ ಕೆಳಗೆಲ್ಲ ಹರಿದಾಗಿತ್ತು. ಅದೇನೂ ನೋಯಲಿಲ್ಲ, ಆ ಚೀಲಕ್ಕೆ ನರ ಇಲ್ಲವಂತೆ. ನೀರಿನ ಬಣ್ಣ ನೋಡಿದ್ರು, ಬರೆಸಿದ್ರು, ಮೂರನೇ ಪರದೆಗೆ ಹೋದ್ರು. ನಾನು ಪಕ್ಕದ ಹೆಂಗಸಿಗೆ, "ಏನ್ ಮಾಡಿದ್ರು ಇವ್ರು?" ಅಂತ ಕೇಳಿದೆ. ಆಕೆಗೆ ಮೂರನೇ ಹೆರಿಗೆ. "ಸುಮ್ನಿರಿ, ಎಲ್ಲರಿಗೂ ಮಾಡ್ತಾರೆ" ಅಂದ್ಲು.

ಎಲ್ಲರಿಗೂ! ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಮೇಲಿನದ್ದು ಬೇಗ ಹೇಳ್ತೀನಿ. ಅರ್ಧ ಗಂಟೆಯೊಳಗೆ ನೋವಿನ ಸ್ವರೂಪವೇ ಬೇರೆ ಆಯ್ತು. ನಡುವೆ ಇದ್ದ ಬಿಡುವು ಹೋಯ್ತು. ನೀರು ಒಡೆದಿದೆ, ಎದ್ದು ಓಡಾಡಬೇಡಿ ಅಂತ ಮಲಗಿಸಿದ್ರು. ಹನ್ನೊಂದಕ್ಕೆ ಡ್ರಿಪ್ ಹಾಕಿದ್ರು. ಮಧ್ಯಾಹ್ನ ಎರಡರ ಹೊತ್ತಿಗೆ ಮಗಳು ಬಂದ್ಲು, ಗಟ್ಟಿಯಾಗೇ ಅತ್ತಳು, ಈಗ ನನಗಿಂತ ಎತ್ತರ ಇದಾಳೆ. ದೂರು ಕೊಡೋಂಥದ್ದು ಏನೂ ನಡೀಲಿಲ್ಲ. ನೀರು ಒಡೆಸದೇ ಇದ್ದಿದ್ರೆ ಬೇರೆ ಥರ ಆಗ್ತಿತ್ತು ಅಂತಲೂ ನಾನು ಹೇಳಲ್ಲ, ಯಾರಿಗೆ ಗೊತ್ತು. ಕೇಳಲಿಲ್ಲ ಅನ್ನೋದು ಒಂದು. ಒಂದೇ ರೌಂಡ್ಸಲ್ಲಿ ಮೂರು ಮಂಚದ ಮೂವರಿಗೂ ಒಂದೇ ಕೆಲಸ ಬೇಕಿತ್ತು ಅಂದ್ರೆ ನಂಬೋದು ಹ್ಯಾಗೆ ಅನ್ನೋದು ಇನ್ನೊಂದು. ಅದೇ ಹುಳ ತಲೆಯಲ್ಲಿ ಕೊರೀತಾ ಇದ್ದಿದ್ದಕ್ಕೆ ಓದೋಕೆ ಕೂತೆ. ಓದಿದ್ದು ಇಷ್ಟು.

ಆ ಚೀಲ ಎರಡು ಪದರದ್ದು, ನೋಡೋಕೆ ಹಾಲಿನ ಮೇಲಿನ ತೆಳು ಕೆನೆ ಥರ, ಆದ್ರೆ ಗಟ್ಟಿ. ತಿಂಗಳು ತುಂಬಿದಾಗ ಒಳಗೆ ಸುಮಾರಾಗಿ ಅರ್ಧ ಲೀಟರಿನಿಂದ ಒಂದು ಲೀಟರ್ ನೀರು. ಗರ್ಭಕೋಶ ಹಿಂಡುವಾಗ ಆ ಒತ್ತಡ ಒಂದೇ ಕಡೆ ಬೀಳದ ಹಾಗೆ ನೀರು ಅದನ್ನ ಎಲ್ಲಾ ಕಡೆಗೂ ಹಂಚುತ್ತೆ. ಮಗುವಿನ ತಲೆಗೂ, ಮುಖ್ಯವಾಗಿ ಹೊಕ್ಕುಳಬಳ್ಳಿಗೂ ಅದೇ ದಿಂಬು. ತಲೆಯ ಮುಂದೆ ಒಂದಿಷ್ಟು ನೀರು ಬಲೂನಿನ ಹಾಗೆ ಉಬ್ಬಿ ಗರ್ಭದ ಬಾಯಿಗೆ ಒತ್ತಿಕೊಂಡು ಇರುತ್ತೆ. ಹೊರಗಿನ ಸೋಂಕು ಒಳಗೆ ಹೋಗದ ಹಾಗೆ ಬಾಗಿಲೂ ಅದೇ.

ಇದನ್ನ ಓದುವಾಗ ನನಗೆ ನೆನಪಾಗಿದ್ದು ನಮ್ಮ ಕೊಟ್ಟಿಗೆ. ದನ ಕರು ಹಾಕೋದನ್ನ ನೋಡಿದೋರಿಗೆ ಗೊತ್ತಿರುತ್ತೆ, ಮೊದಲು ನೀರಿನ ಚೀಲ ಹೊರಗೆ ಇಣುಕುತ್ತೆ, ಆಮೇಲೆ ಮುಂಗಾಲಿನ ಗೊರಸು. ನಾನು ಏಳನೇ ಕ್ಲಾಸಲ್ಲಿದ್ದಾಗ ಗೌರಿ ಅನ್ನೋ ಹಸು ಸಂಜೆಯಿಂದ ಒದ್ದಾಡ್ತಾ ಇತ್ತು. ಕೊನೆಗೆ ಚೀಲ ಕಾಣಿಸಿತು, ಲಾಟೀನು ಬೆಳಕಲ್ಲಿ ಮಿರಮಿರ ಹೊಳೀತಿತ್ತು. ಕೆಲಸಕ್ಕೆ ಬರ್ತಿದ್ದ ಹುಡುಗ ಬೇಗ ಆಗಲಿ ಅಂತ ಕೈ ಹಾಕೋಕೆ ಹೋದ. ಅಜ್ಜಿ ಗದರಿಬಿಟ್ಲು. "ಮುಟ್ಟಬೇಡ ಮಾರಾಯ! ಅದೇ ದಾರಿ ಮಾಡ್ಕೊಡೋದು. ಒಡೆದ್ರೆ ಆಮೇಲೆ ಕರು ಎಳೀಬೇಕಾಗ್ತದೆ." ಆಮೇಲೆ ಅಡಿಕೆ ಕವಳ ಹಾಕ್ಕೊಂಡು ಅಲ್ಲೇ ಒರಳಿನ ಮೇಲೆ ಕೂತ್ಲು. ಎಷ್ಟು ಹೊತ್ತು ಕೂತ್ಲೋ.. ನಾನು ನಿದ್ದೆ ಹೋದೆ, ಎದ್ದಾಗ ಕರು ನಿಂತಿತ್ತು. ಪಶುವೈದ್ಯರೂ ಇದನ್ನೇ ಹೇಳ್ತಾರೆ, ಎಲ್ಲ ಸರಿ ಇದ್ದರೆ ಆ ಚೀಲಕ್ಕೆ ಅವಸರದಲ್ಲಿ ಕೈ ಹಾಕಬಾರದು, ಬಾಯಿ ಅಗಲ ಆಗೋಕೆ ಅದು ಬೇಕು ಅಂತ.

ದನಕ್ಕೆ ಇದ್ದ ಮರ್ಯಾದೆ ನಮಗಿಲ್ವಲ್ಲ ಅಂತ ನನ್ನ ಗೆಳತಿಗೆ ಹೇಳಿದ್ರೆ ಅವಳು ಅರ್ಧ ಗಂಟೆ ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಹಾಗಾದ್ರೆ ಒಡೆಸೋ ಅಭ್ಯಾಸ ಎಲ್ಲಿಂದ ಬಂತು? ನೋವೇ ಬರದಿದ್ದಾಗ ಬರಿಸೋಕೆ ಚೀಲ ಒಡೆಸೋದು ಇಂಗ್ಲೆಂಡಿನಲ್ಲಿ ಹದಿನೆಂಟನೇ ಶತಮಾನದಿಂದಲೇ ಇತ್ತು. ಅದು ಬೇರೆ ವಿಷಯ. ತಾನಾಗೇ ನೋವು ಬಂದೋರಿಗೆಲ್ಲ ಸಾಲಾಗಿ ಒಡೆಸೋದು ಪದ್ಧತಿಯಾಗಿದ್ದು ಇಪ್ಪತ್ತನೇ ಶತಮಾನದಲ್ಲಿ. 1950ರ ದಶಕದಲ್ಲಿ ಅಮೆರಿಕದ ಇಮ್ಯಾನ್ಯುಯೆಲ್ ಫ್ರೀಡ್‌ಮನ್ ಅನ್ನೋ ಡಾಕ್ಟರು ಹೆರಿಗೆ ನೋವಿಗೆ ಗ್ರಾಫ್ ಹಾಕಿದ್ರು. ಮೊದಲ ಹೆರಿಗೆಯ 500 ಹೆಂಗಸರನ್ನ ನೋಡಿ, ಎಷ್ಟು ಗಂಟೆಗೆ ಎಷ್ಟು ಸೆಂಟಿಮೀಟರ್ ಅಂತ ಗೆರೆ ಎಳೆದು 1955ರಲ್ಲಿ ಪ್ರಕಟಿಸಿದ್ರು. ಅಲ್ಲಿಂದ ಹೆರಿಗೆಗೂ ಒಂದು ಗಡಿಯಾರ ಬಂತು. 1960ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ನ್ಯಾಷನಲ್ ಮೆಟರ್ನಿಟಿ ಆಸ್ಪತ್ರೆಯಲ್ಲಿ ಕೀರನ್ ಓಡ್ರಿಸ್ಕಾಲ್ ಅನ್ನೋರು ಆ ಗಡಿಯಾರಕ್ಕೆ ಕೀ ಕೊಟ್ರು ಅನ್ನಬಹುದು. ಮೊದಲ ಹೆರಿಗೆಗೆ ಬಂದವರಿಗೆ ನೋವು ಖಚಿತ ಅಂತಾದ ಕೂಡಲೇ ಚೀಲ ಒಡೆಸೋದು, ಗಂಟೆಗೆ ಒಂದು ಸೆಂಟಿಮೀಟರ್ ಆಗದಿದ್ರೆ ಡ್ರಿಪ್ ಹಾಕೋದು, ಹನ್ನೆರಡು ಗಂಟೆಯೊಳಗೆ ಹೆರಿಗೆ ಮುಗಿಸೋದು. ಎರಡು ಮೂರು ದಿನ ನೋವು ತಿಂದು ಸುಸ್ತಾಗೋ ಹೆಂಗಸರನ್ನ ಉಳಿಸಬೇಕು ಅನ್ನೋದು ಅವರ ಉದ್ದೇಶ, ಅದನ್ನ ಹಗುರವಾಗಿ ಮಾತಾಡೋ ಹಾಗಿಲ್ಲ. ಅವರ ಆಸ್ಪತ್ರೆಯಲ್ಲಿ ಸಿಸೇರಿಯನ್ನೂ ಕಡಿಮೆಯೇ ಇತ್ತು.

ಆದ್ರೆ ಡಬ್ಲಿನ್ ಪದ್ಧತಿಯಲ್ಲಿ ಇನ್ನೊಂದು ನಿಯಮ ಇತ್ತು. ನೋವಿಗೆ ಬಂದ ಪ್ರತಿ ಹೆಂಗಸಿಗೂ ಒಬ್ಬ ನರ್ಸ್, ಹೆರಿಗೆ ಆಗೋವರೆಗೂ ಪಕ್ಕ ಬಿಟ್ಟು ಏಳಬಾರದು. ಇದನ್ನ ಓದಿದಾಗ ನಾನು ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಪ್ರಪಂಚದ ಬೇರೆ ಬೇರೆ ಕಡೆಗೆ ಆ ಪದ್ಧತಿ ಹರಡಿದಾಗ ಕೊಕ್ಕೆ ಬಂತು, ಡ್ರಿಪ್ ಬಂತು, ಗಡಿಯಾರ ಬಂತು. ಪಕ್ಕದಲ್ಲಿ ಕೂರೋ ನರ್ಸ್ ಮಾತ್ರ ಬಹಳ ಕಡೆ ಬರಲೇ ಇಲ್ಲ! ಕೊಕ್ಕೆ ಅಗ್ಗ, ಮನುಷ್ಯರು ದುಬಾರಿ.

ನಮ್ಮಲ್ಲಂತೂ ಕೊಕ್ಕೆಗೂ ಬೇರೆ ಖರ್ಚಿಲ್ಲ. ಹೊರದೇಶದಲ್ಲಿ ಇದಕ್ಕೇ ಅಂತ ಕ್ರೋಶಾ ಕಡ್ಡಿ ಥರದ ಉದ್ದ ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತೆ. ಇಲ್ಲಿ ತುದಿಯಲ್ಲಿ ಹಲ್ಲಿರೋ ಒಂದು ಇಕ್ಕಳ, ಕೋಕರ್ ಅಂತಾರೆ, ಬಹಳ ಕಡೆ ಅದರಲ್ಲೇ ಕೆಲಸ ಆಗಿಹೋಗುತ್ತೆ.

ಈಗ ಲೆಕ್ಕಕ್ಕೆ ಬರೋಣ. ಒಡೆಸಿದ್ರೆ ನೋವು ನಿಜವಾಗಿ ಬೇಗ ಮುಗಿಯುತ್ತಾ? ಕಾಕ್ರೇನ್ ಅಂತ ಒಂದು ಸಂಸ್ಥೆ ಇದೆ, ಒಂದೇ ಪ್ರಶ್ನೆ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಜಾಲಿಸಿ ನೋಡೋದು ಅವರ ಕೆಲಸ. ತಾನಾಗೇ ನೋವು ಬಂದವರಲ್ಲಿ ಚೀಲ ಒಡೆಸೋದರ ಬಗ್ಗೆ 2007ರಲ್ಲಿ ಒಮ್ಮೆ ನೋಡಿ, 2013ರಲ್ಲಿ ಮತ್ತೆ ಹೊಸದು ಮಾಡಿದ್ರು. 15 ಪ್ರಯೋಗ, 5,583 ಹೆಂಗಸರು. ಬಾಯಿ ಪೂರ್ತಿ ತೆರೆಯೋವರೆಗಿನ ಮೊದಲ ಹಂತದಲ್ಲಿ ಸರಾಸರಿ ಇಪ್ಪತ್ತು ನಿಮಿಷದ ವ್ಯತ್ಯಾಸ. ಅದೂ ಪ್ರಯೋಗದಿಂದ ಪ್ರಯೋಗಕ್ಕೆ ಎಷ್ಟು ಏರುಪೇರು ಅಂದ್ರೆ, ಇಪ್ಪತ್ತು ನಿಮಿಷ ಉಳೀತು ಅನ್ನೋಕೂ ಆಗಲ್ಲ. ಎರಡನೇ ಹಂತಕ್ಕೂ ಅದೇ ಕಥೆ. ಸಿಸೇರಿಯನ್ ಒಡೆಸಿದವರಲ್ಲಿ ಸ್ವಲ್ಪ ಜಾಸ್ತಿ ಕಂಡಿತು, ಅದೂ ಖಚಿತವಾಗಿ ಹೇಳೋಷ್ಟಿಲ್ಲ. ಮಾಮೂಲಿ ಹೆರಿಗೆಯಲ್ಲಿ ಎಲ್ಲರಿಗೂ ಒಡೆಸೋಕೆ ಆಧಾರ ಇಲ್ಲ ಅಂತ ಬರೆದು ಮುಗಿಸಿದ್ರು.

ಇನ್ನೊಂದು ಕಡೆಯದ್ದನ್ನೂ ಹೇಳಬೇಕು, ಇಲ್ಲದಿದ್ರೆ ಡಾಕ್ಟರ್ ಸ್ನೇಹಿತರು ಬಂದು ಕಿವಿ ಹಿಂಡ್ತಾರೆ. ಒಡೆಸೋದರ ಜೊತೆಗೆ ಡ್ರಿಪ್ಪನ್ನೂ ಬೇಗ ಶುರು ಮಾಡಿದ್ರೆ ಏನಾಗುತ್ತೆ ಅಂತ ಬೇರೆಯದೇ ಒಂದು ಕಾಕ್ರೇನ್ ವರದಿ ಇದೆ, ಅದೂ 2013ರದ್ದು. ಅದರಲ್ಲಿ ನೋವಿನ ಹೊತ್ತು ಸುಮಾರು ಒಂದೂಕಾಲು ಗಂಟೆ ಕಮ್ಮಿಯಾಗಿದೆ, ಸಿಸೇರಿಯನ್ನೂ ಒಂಚೂರು ಕಮ್ಮಿ. ಇಷ್ಟಾದ್ರೂ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೆರಿಗೆ ಸಮಯದ ಆರೈಕೆಗೆ ಮಾರ್ಗಸೂಚಿ ತಂದಾಗ, ತಡ ಆಗಬಾರದು ಅನ್ನೋ ಮುಂಜಾಗ್ರತೆಗೆ ಚೀಲ ಒಡೆಸೋದನ್ನೂ ಬೇಡ ಅಂತು, ಒಡೆಸಿ ಡ್ರಿಪ್ ಹಾಕೋದನ್ನೂ ಬೇಡ ಅಂತು. ಗಂಟೆಗೊಂದು ಸೆಂಟಿಮೀಟರ್ ಅನ್ನೋ ಲೆಕ್ಕವೂ ಎಲ್ಲ ಹೆಂಗಸರಿಗೆ ಹೊಂದಲ್ಲ, ನೋವು ಜೋರಾಗೋ ಹಂತ ಐದು ಸೆಂಟಿಮೀಟರಿನಿಂದ ಶುರು ಅಂತ ತಿಳ್ಕೊಳ್ಳಿ ಅಂತು. ನಾನು ನಾಲ್ಕರಲ್ಲಿದ್ದೆ ಅನ್ನೋದು ನೆನಪಿರಲಿ! ಇಂಗ್ಲೆಂಡಿನ ನೈಸ್ ಮಾರ್ಗಸೂಚಿಯಲ್ಲಂತೂ ಒಂದೇ ವಾಕ್ಯದ ಮಾತು, ಸರಿಯಾಗಿ ಸಾಗ್ತಿರೋ ಹೆರಿಗೆಯಲ್ಲಿ ವಾಡಿಕೆಯಾಗಿ ಚೀಲ ಒಡೆಸಬೇಡಿ ಅಂತ.

ಹೊಸದಾಗಿ ಕಂಡುಹಿಡಿದಿದ್ದೂ ಅಲ್ಲ. ಬ್ರೆಜಿಲ್ಲಿನ ಫೋರ್ಟಲೇಜಾದಲ್ಲಿ 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಭೆಯಲ್ಲೇ, ವಾಡಿಕೆಯಾಗಿ ಬೇಗ ಚೀಲ ಒಡೆಸೋದಕ್ಕೆ ವೈಜ್ಞಾನಿಕ ಸಮರ್ಥನೆ ಇಲ್ಲ ಅಂತ ಹೇಳಿಯಾಗಿತ್ತು. ಆಗ ನಾನೇ ಇನ್ನೂ ಲಂಗ ಹಾಕ್ಕೊಂಡು ಬಾಲವಾಡಿಗೆ ಹೋಗ್ತಿದ್ದೆ.

ಇಷ್ಟು ಓದಿ "ಹಾಗಾದ್ರೆ ನೀರು ಒಡೆಸೋದೇ ತಪ್ಪಾ?" ಅಂತ ಕೇಳಬೇಡಿ. ತಪ್ಪಲ್ಲ. ನೋವು ನಿಂತು ಗಂಟೆಗಟ್ಟಲೆ ಮುಂದಕ್ಕೆ ಹೋಗದಿದ್ರೆ ಒಡೆಸಿ ನೋಡೋದು ಸರಿಯಾದ ಚಿಕಿತ್ಸೆ. ಚೀಲ ಹೋದ ಮೇಲೆ ತಲೆ ನೇರವಾಗಿ ಬಾಯಿಗೆ ಒತ್ತುತ್ತೆ, ನೋವು ಹೆಚ್ಚಿಸೋ ರಾಸಾಯನಿಕಗಳೂ ಹೊರಡ್ತವೆ. ಔಷಧಿ ಕೊಟ್ಟು ನೋವು ಬರಿಸುವಾಗಲೂ ಬೇಕಾಗುತ್ತೆ. ಮಗುವಿನ ಎದೆಬಡಿತದಲ್ಲಿ ಏರುಪೇರು ಕಂಡು ಅನುಮಾನ ಬಂದ್ರೆ, ತಲೆಗೆ ತಂತಿ ಹಚ್ಚಿ ನೋಡಬೇಕು ಅಂದ್ರೆ, ಮಗು ಒಳಗೇ ಕಕ್ಕ ಮಾಡ್ಕೊಂಡಿದೆಯಾ ಅಂತ ನೀರಿನ ಬಣ್ಣ ನೋಡಬೇಕು ಅಂದ್ರೆ ಒಡೆಸ್ತಾರೆ. ಕಾರಣ ಇದ್ದಾಗ ಅದು ಜೀವ ಉಳಿಸೋ ಕೆಲಸವೇ.

ಕಾರಣ ಬೇಕು ಅನ್ನೋದು ಯಾಕಂದ್ರೆ, ಪುಕ್ಕಟೆ ಅಲ್ಲ ಅದು. ಮಗುವಿನ ತಲೆ ಇನ್ನೂ ಮೇಲಿದ್ದು, ಕೆಳಗೆ ಕೂರದೇ ಇರುವಾಗ ಚೀಲ ಒಡೆಸಿದ್ರೆ ನೀರಿನ ಜೊತೆ ಹೊಕ್ಕುಳಬಳ್ಳಿ ಮೊದಲು ಜಾರಿ ಬರಬಹುದು. ಅಪರೂಪ, ಆದ್ರೆ ಬಂದ್ರೆ ನಿಮಿಷಗಳ ಲೆಕ್ಕ, ಓಡಿಹೋಗಿ ಸಿಸೇರಿಯನ್ ಮಾಡಬೇಕು. ಆಪರೇಷನ್ ಥಿಯೇಟರ್ ಇಲ್ಲದ ಕಡೆ ಇದನ್ನ ಯೋಚಿಸಿದ್ರೆ ಮೈ ಜುಂ ಅನ್ನುತ್ತೆ. ಒಡೆದ ಮೇಲೆ ಬಾಗಿಲು ತೆರೆದ ಹಾಗೆ, ಗಂಟೆ ಕಳೆದಷ್ಟೂ, ಒಳಗೆ ಕೈ ಹಾಕಿ ನೋಡಿದಷ್ಟೂ ಸೋಂಕಿನ ಭಯ. ಎಚ್.ಐ.ವಿ. ಇರೋ ತಾಯಂದಿರಲ್ಲಿ ಮಗುವಿಗೆ ಹರಡಬಾರದು ಅಂತ ಸುಮ್ಮಸುಮ್ಮನೆ ಒಡೆಸೋದನ್ನ ತಪ್ಪಿಸ್ತಾರೆ. ಒಡೆಸಿದ ಕೂಡಲೇ ಒಂದು ಗಡಿಯಾರ ಶುರುವಾಗುತ್ತೆ, ಅದನ್ನ ಹಿಂದಕ್ಕೆ ತಿರುಗಿಸೋಕೆ ಬರಲ್ಲ.

ಒಂದು ಭಯ ಮಾತ್ರ ಸುಳ್ಳು, ಅದನ್ನೂ ಹೇಳಿಬಿಡ್ತೀನಿ. "ನೀರೆಲ್ಲ ಹೋಯ್ತು, ಇನ್ನು ಒಣ ಹೆರಿಗೆ" ಅಂತ ನಮ್ಮತ್ತೆ ಕಡೆಯ ಹೆಂಗಸರು ಎಷ್ಟು ಜನರನ್ನ ಹೆದರಿಸಿದಾರೋ. ಆ ನೀರು ಮುಖ್ಯವಾಗಿ ಮಗುವಿನ ಮೂತ್ರದಿಂದಲೇ ಆಗೋದು, ಮಗು ಕುಡಿಯೋದೂ ಅದನ್ನೇ, ಮತ್ತೆ ಹೊರಗೆ ಬಿಡೋದೂ ಅಲ್ಲಿಗೇ. ಒಡೆದ ಮೇಲೂ ಹುಟ್ಟುತ್ತಲೇ ಇರುತ್ತೆ, ಪೂರ್ತಿ ಒಣಗೋದು ಅಂತಿಲ್ಲ. ಇದನ್ನ ನಮ್ಮತ್ತೆಗೆ ಹೇಳಿದ್ದಕ್ಕೆ "ಥೂ" ಅಂದ್ರು.

ಹಳೇ ಕಾಲವೇ ಚೆನ್ನಾಗಿತ್ತು, ಮನೆಯಲ್ಲೇ ಹೆರಬೇಕು ಅಂತ ನಾನು ಹೇಳ್ತಿಲ್ಲ. ಕೊಟ್ಟಿಗೆಯಲ್ಲಿ ಅಷ್ಟು ತಿಳುವಳಿಕೆಯಿಂದ ಕೂತಿದ್ದ ನನ್ನಜ್ಜಿಯೇ ಹೆತ್ತ ಎಂಟರಲ್ಲಿ ಎರಡನ್ನ ಹುಟ್ಟಿದ ದಿನವೇ ಕಳ್ಕೊಂಡಿದ್ಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗ್ತಿತ್ತು. ಅದು ಸಣ್ಣ ಸಾಧನೆ ಅಲ್ಲ. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ನೂರಕ್ಕೆ 31 ದಾಟಿತ್ತು, ಅದೂ ನೆನಪಿರಬೇಕು. ಎಲ್ಲರೂ ಆಸ್ಪತ್ರೆಗೆ ಬಂದಾಯ್ತು. ಬಂದೋರನ್ನ ಅಲ್ಲಿ ಹ್ಯಾಗೆ ನೋಡ್ತೀವಿ ಅನ್ನೋದಷ್ಟೇ ಈಗಿನ ಪ್ರಶ್ನೆ.

ನನ್ನನ್ನ ತುಂಬಾ ಹೊತ್ತು ಸುಮ್ಮನೆ ಕೂರಿಸಿದ್ದು ಒಂದು ಸಂಖ್ಯೆ. ಹೆರಿಗೆ ಉದ್ದಕ್ಕೂ ಯಾರಾದ್ರೂ ಒಬ್ಬರು ಪಕ್ಕದಲ್ಲಿದ್ರೆ ಏನಾಗುತ್ತೆ ಅಂತಲೂ ಕಾಕ್ರೇನಿನವರು ನೋಡಿದಾರೆ, 2017ರ ವರದಿ. 26 ಪ್ರಯೋಗ, 15,858 ಹೆಂಗಸರು. ನೋವಿನ ಹೊತ್ತು ಸರಾಸರಿ ನಲವತ್ತು ನಿಮಿಷ ಕಮ್ಮಿ, ಸಿಸೇರಿಯನ್ ಕಮ್ಮಿ, ನೋವಿಗೆ ಔಷಧಿ ಬೇಕಾಗಿದ್ದು ಕಮ್ಮಿ. ಕೊಕ್ಕೆ ಹಾಕಿ ಇಪ್ಪತ್ತು ನಿಮಿಷ, ಅದೂ ಅನುಮಾನ. ಕೈ ಹಿಡ್ಕೊಂಡು ಕೂತ್ರೆ ನಲವತ್ತು! ಅವತ್ತು ಏಳು ಗಂಟೆ ಕಾಲ ನನ್ನಮ್ಮ ಒಂದೇ ಒಂದು ಬಾಗಿಲಿನ ಆಚೆ ಸ್ಟೀಲ್ ಕುರ್ಚಿ ಮೇಲೆ ವಿಷ್ಣುಸಹಸ್ರನಾಮ ಹೇಳ್ತಾ ಕೂತಿದ್ಲು. ಒಳಗೆ ಬಿಟ್ಟಿದ್ರೆ ಆಸ್ಪತ್ರೆಗೆ ಖರ್ಚಾಗ್ತಿದ್ದಿದ್ದು ಇನ್ನೊಂದು ಸ್ಟೂಲು.

ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರಲ್ಲೆಲ್ಲ 15,000 ಹೆರಿಗೆ ಮಾಡಿಸಿದ ಅಜ್ಜಿ ಅಂತ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡ್ರು. ನಾವೆಲ್ಲ ಆ ಸಂಖ್ಯೆ ನೋಡಿ ಬೆರಗಾದ್ವಿ. ಆ ಒಂದೊಂದು ಹೆರಿಗೆಯಲ್ಲೂ ಆ ತಾಯಿ ಎಷ್ಟು ಗಂಟೆ ಕಾದು ಕೂತಿರಬಹುದು ಅಂತ ಲೆಕ್ಕ ಹಾಕಿ ನೋಡಿ, ಸಾಲೋದೇ ಇಲ್ಲ. ಆಸ್ಪತ್ರೆಯಲ್ಲಿ ಆ ಕಾಯೋ ಕೆಲಸಕ್ಕೆ ಹುದ್ದೆ ಇಲ್ಲ. ಇಬ್ಬರು ಸಿಸ್ಟರ್, ಎಂಟು ಮಂಚ, ಹೊರಗೆ ಇನ್ನೂ ನಾಲ್ಕು ಜನ ಅಂದ್ರೆ ಆ ಸಿಸ್ಟರಾದ್ರೂ ಏನು ಮಾಡಿಯಾರು? ಒಬ್ಬರದ್ದು ಬೇಗ ಆದ್ರೆ ಮಂಚ ಖಾಲಿ. ನನಗೆ ಆ ಡ್ಯೂಟಿ ಡಾಕ್ಟರ ಮೇಲೆ ಈಗ ಸಿಟ್ಟಿಲ್ಲ, ಪಾಪ, ರಾತ್ರಿ ಡ್ಯೂಟಿಯವರು ಬಿಟ್ಟುಹೋದ ಪಟ್ಟಿ ಅವರ ಕೈಲಿತ್ತು. ಒಂದು ಮಾತು ಕೇಳೋಕೆ ಎಷ್ಟು ಹೊತ್ತು ಬೇಕಿತ್ತು ಅನ್ನೋ ಬೇಜಾರು ಮಾತ್ರ ಹೋಗಿಲ್ಲ.

ಎಷ್ಟು ಹೊತ್ತು ಬೇಕು ಅಂತ ಎರಡನೇ ಹೆರಿಗೆಯಲ್ಲಿ ಗೊತ್ತಾಯ್ತು. ಅದು ಶಿವಮೊಗ್ಗದಲ್ಲಿ. ಡಾಕ್ಟರಮ್ಮ ಪರೀಕ್ಷೆ ಮಾಡಿ ಕೈ ತೊಳ್ಕೊಳ್ತಾ, "ನೋವು ಚೆನ್ನಾಗಿ ಬರ್ತಿದೆ, ಮಗು ಚೆನ್ನಾಗಿದೆ. ನೀರು ಒಡೆಸಿದ್ರೂ ಆಗುತ್ತೆ, ಕಾದ್ರೂ ಆಗುತ್ತೆ, ಅರ್ಜೆಂಟೇನಿಲ್ಲ. ಏನ್ ಮಾಡೋಣ?" ಅಂದ್ರು. ಅಷ್ಟೇ. ಹತ್ತು ಸೆಕೆಂಡು. ಕಾಯೋಣ ಅಂದೆ. ಮುಕ್ಕೋಕೆ ಶುರು ಮಾಡಿದ ಮೇಲೆ ತಾನಾಗೇ ಒಡೆದು ಸಿಸ್ಟರ್ ಚಪ್ಪಲಿ ಎಲ್ಲ ನೆನೆದು ಹೋಯ್ತು, ಅವರು ನಕ್ಕರು. ಮಗ ಅದಾಗಿ ಹತ್ತು ನಿಮಿಷಕ್ಕೆ ಬಂದ. ಎರಡನೇ ಹೆರಿಗೆ ಹೇಗೂ ಬೇಗ ಆಗುತ್ತೆ, ಹಾಗಾಗಿ ಎರಡನ್ನೂ ತಕ್ಕಡಿಯಲ್ಲಿಟ್ಟು ತೂಗೋ ಹಾಗಿಲ್ಲ. ಆದ್ರೆ ಆ ದಿನವನ್ನ ನಾನು ಯಾರಿಗೆ ಬೇಕಾದ್ರೂ ಖುಷಿಯಾಗಿ ಹೇಳ್ತೀನಿ, ಮೊದಲನೇದನ್ನ ಹೇಳುವಾಗ ಗಂಟಲು ಸ್ವಲ್ಪ ಹಿಡಿಯುತ್ತೆ.

ಇಷ್ಟೆಲ್ಲ ಈಗ ಬರೆಯೋಕೆ ಕಾರಣ ನಮ್ಮ ಚಿಕ್ಕಮ್ಮನ ಮಗಳು. ಅವಳಿಗೆ ಮೊದಲನೇದು, ಮುಂದಿನ ತಿಂಗಳು ದಿನ ತುಂಬುತ್ತೆ. ಹೋದ ಭಾನುವಾರ ಫೋನ್ ಮಾಡಿ, "ಅಕ್ಕಾ, ನೀರು ಒಡೀತಾರಂತೆ, ತುಂಬ ನೋಯುತ್ತಾ?" ಅಂದ್ಲು. ಒಡೆಯೋದು ನೋಯಲ್ಲ ಕಣೇ, ಅಂದೆ. ಆಮೇಲೆ ಮೇಲೆ ಬರೆದಿದ್ದರಲ್ಲಿ ಅರ್ಧ ಹೇಳಿದೆ, ಹೆದರಿಸೋಂಥದ್ದು ಬಿಟ್ಟು. ನೋವಿನ ನಡುವೆ ವಾದ ಮಾಡೋಕೆ ಆಗಲ್ಲ, ಈ ಸಲ ಚೆಕಪ್ಪಿಗೆ ಹೋದಾಗಲೇ ತಾಯಿ ಕಾರ್ಡ್ ಜೊತೆಗೆ ಚೀಟಿಯಲ್ಲಿ ಬರ್ಕೊಂಡು ಹೋಗು ಅಂದೆ. ಒಡೆಸಬೇಕು ಅಂತ ಅನ್ನಿಸಿದ್ರೆ ಯಾಕೆ ಅಂತ ಹೇಳ್ತೀರಾ? ಆಗ ಮಗುವಿನ ತಲೆ ಕೆಳಗೆ ಕೂತಿರುತ್ತಾ? ಇನ್ನೊಂದೆರಡು ಗಂಟೆ ಕಾದ್ರೆ ಏನಾಗುತ್ತೆ? ಕಾರಣ ಹೇಳಿದ್ರೆ ಹೂಂ ಅನ್ನು, ಹಟ ಮಾಡಬೇಡ.

"ಬೈತಾರೇನೋ ಅಕ್ಕಾ" ಅಂದ್ಲು.

ಬೈದ್ರೆ ಬೈಸ್ಕೋ, ನಿನ್ನ ಹೊಟ್ಟೆ ಅಲ್ವಾ ಅಂದೆ. ಮೊನ್ನೆ ಹೋಗಿ ಕೇಳಿದಾಳೆ. ಬೈಲಿಲ್ವಂತೆ, "ಯಾರು ಹೇಳಿಕೊಟ್ರು ನಿಂಗೆ?" ಅಂತ ಕೇಳಿದ್ರಂತೆ, ಮೂರಕ್ಕೂ ಉತ್ತರ ಹೇಳಿದ್ರಂತೆ. ಜೊತೆಗೆ ಹೋಗಿದ್ದ ಚಿಕ್ಕಮ್ಮ ನಾನು ಹೇಳಿಕೊಡದೇ ಇದ್ದ ನಾಲ್ಕನೇ ಪ್ರಶ್ನೆ ತಾನೇ ಕೇಳಿದಾಳೆ. ಒಳಗೆ ನನ್ನನ್ನ ಬಿಡ್ತೀರಾ ಅಂತ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಮನೆಯ ಒಬ್ಬ ಹೆಂಗಸು ಜೊತೆಗಿರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ, ಆದ್ರೆ ಕೇಳದೇ ಯಾರೂ ಬಾಗಿಲು ತೆಗೆಯಲ್ಲ. ಇವರದ್ದು ತಾಲ್ಲೂಕು ಆಸ್ಪತ್ರೆ. ಒಬ್ಬರು ಬರಬಹುದು, ತಾನೂ ಹೆತ್ತವರಾಗಿರಬೇಕು, ಚಪ್ಪಲಿ ಹೊರಗೆ ಬಿಡಬೇಕು, ಮಧ್ಯೆ ಮಧ್ಯೆ ಸಲಹೆ ಕೊಡಬಾರದು ಅಂದ್ರಂತೆ ಸಿಸ್ಟರು.

ಕೊನೇದು ಚಿಕ್ಕಮ್ಮನಿಗೆ ಕಷ್ಟ. ಉಳಿದಿದ್ದಕ್ಕೆಲ್ಲ ಒಪ್ಪಿಕೊಂಡು ಬಂದಿದಾಳೆ, ಸಂತೆಯಲ್ಲಿ ಹೊಸ ಫ್ಲಾಸ್ಕೂ ತಗೊಂಡಾಯ್ತಂತೆ.